ಹಲ್ಲು ಕೀಳುವ ಮುನ್ನ ಒಂದು ಚಿತ್ರ

ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಮರೆಯಾಗಿಲ್ಲ. ಬೀಳದೆ ಸತಾಯಿಸುವ ಹಲ್ಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಬಾಗಿಲ ಚಿಲಕಕ್ಕೆ ಬಿಗಿಯುವ ಧೈರ್ಯಶಾಲಿಗಳೂ ಇದ್ದಾರೆ. ಒಂದೆರಡು ಹನಿ ರಕ್ತ, ಒಂದು ಲೋಟ ಉಪ್ಪುನೀರು, ಅಲ್ಲಿಗೆ ಕಥೆ ಮುಗಿಯಿತು. ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲಿಯೂ ಆಗುವುದು ಇಷ್ಟೇ. ಆದ್ದರಿಂದಲೇ ಹಲ್ಲು ಕೀಳಿಸುವುದನ್ನು ಯಾರೂ ದೊಡ್ಡ ವಿಷಯವೆಂದು ತಿಳಿಯುವುದಿಲ್ಲ.

ಬಹಳ ಅಪರೂಪಕ್ಕೆ ಮಾತ್ರ ಕಥೆ ಬೇರೆಯಾಗುತ್ತದೆ. ಅಂಥವರಲ್ಲಿ ದವಡೆಯ ಮೂಳೆಯೊಳಗೆ ರಕ್ತನಾಳಗಳ ಒಂದು ಗೋಜಲು ಹುಟ್ಟಿನಿಂದಲೇ ಅಡಗಿ ಕುಳಿತಿರುತ್ತದೆ. ಅದರ ಮೇಲೆ ಬೇರೂರಿರುವ ಹಲ್ಲು ತುಂಬಿದ ತೊಟ್ಟಿಯ ತಳಕ್ಕೆ ಬಡಿದ ಬಿರಡೆಯ ಹಾಗೆ. ಬಿರಡೆಯನ್ನು ಕಿತ್ತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಹಲ್ಲು ಕಿತ್ತ ಕುಳಿಯಿಂದ ರಕ್ತ ಚಿಮ್ಮಿ, ಅದನ್ನು ನಿಲ್ಲಿಸಲಾಗದೆ ರೋಗಿಗಳು ತೀರಿಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. 30 ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಎರಡು ಲೀಟರಿಗಿಂತ ತುಸು ಹೆಚ್ಚು, ಅಷ್ಟೆ. ಒಂದು ಸಣ್ಣ ಬಿಂದಿಗೆಯೂ ತುಂಬದು.

ಮೂಳೆಯೊಳಗಿನ ಈ ಗೋಜಲನ್ನು ಮುಟ್ಟದೆಯೇ ನೋಡುವ ಉಪಾಯಗಳು ಇಂದು ನಮ್ಮಲ್ಲಿವೆ. ಕ್ಷ-ಕಿರಣ, ಶ್ರವಣಾತೀತ ಶಬ್ದ, ಸಿ.ಟಿ., ಎಂ.ಆರ್.ಐ., ಆಂಜಿಯೋಗ್ರಫಿ ಎಂಬ ಹೆಸರುಗಳನ್ನು ಎಲ್ಲರೂ ಕೇಳಿದ್ದೇವೆ. ಇಷ್ಟೊಂದು ಯಂತ್ರಗಳು ಏಕೆ, ಒಂದು ಸಾಲದೇ ಎಂಬುದು ತಂದೆತಾಯಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಪ್ರತಿಯೊಂದು ಯಂತ್ರ ಉತ್ತರಿಸುವುದು ಬೇರೆ ಬೇರೆ ಪ್ರಶ್ನೆಗೆ ಎಂಬುದೇ ಅದಕ್ಕೆ ಉತ್ತರ. ಆ ಉತ್ತರಗಳ ಹಿಂದಿರುವ ಭೌತಶಾಸ್ತ್ರ ಬಹುಪಾಲು ಪ್ರೌಢಶಾಲೆ ಮತ್ತು ಪಿ.ಯು.ಸಿ. ಪುಸ್ತಕಗಳಲ್ಲೇ ಇದೆ. ವಿದ್ಯಾರ್ಥಿಗಳು ಅದನ್ನು ಗುರುತಿಸುತ್ತಾ ಹೋಗಲಿ.

ಗೋಜಲು ಎಂದರೇನು?

ಹೃದಯದಿಂದ ಹೊರಟ ರಕ್ತ ಅಪಧಮನಿಗಳಲ್ಲಿ ಹರಿದು, ಕವಲೊಡೆದು, ಕೂದಲಿಗಿಂತ ಸಪೂರವಾದ ಲೋಮನಾಳಗಳನ್ನು ಹೊಕ್ಕು, ಅಲ್ಲಿಂದ ಅಭಿಧಮನಿಗಳನ್ನು ಸೇರಿ ಹೃದಯಕ್ಕೆ ಹಿಂದಿರುಗುತ್ತದೆ. ಇದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ಲೋಮನಾಳಗಳು ಆಮ್ಲಜನಕವನ್ನು ಹಂಚುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತವೆ, ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಲೋಮನಾಳಗಳೂ ಅವುಗಳಿಗೆ ಮುಂಚಿನ ಸಣ್ಣ ಅಪಧಮನಿಗಳೂ ರಕ್ತದ ಹರಿವಿಗೆ ತಡೆ ಒಡ್ಡುತ್ತವೆ. ದೊಡ್ಡ ಅಪಧಮನಿಯಲ್ಲಿ ಪಾದರಸದ 120 ಮಿಲಿಮೀಟರಿನಷ್ಟಿದ್ದ ಒತ್ತಡ ಈ ದಾರಿಯಲ್ಲಿ ಕರಗಿಹೋಗಿ, ಅಭಿಧಮನಿಗೆ ಬರುವ ಹೊತ್ತಿಗೆ ಕೆಲವೇ ಮಿಲಿಮೀಟರುಗಳಿಗೆ ಇಳಿದಿರುತ್ತದೆ.

ವಿದ್ಯುತ್ ಮಂಡಲದಲ್ಲಿ ಬಲ್ಬಿನ ತಂತಿ ಮಾಡುವ ಕೆಲಸವೂ ಇದೇ ಅಲ್ಲವೇ? ಬಲ್ಬನ್ನು ಬಿಟ್ಟು ಎರಡು ತಂತಿಗಳನ್ನು ನೇರವಾಗಿ ಮುಟ್ಟಿಸಿದರೆ ಷಾರ್ಟ್ ಸರ್ಕ್ಯೂಟ್ ಆಗುತ್ತದೆ. ರೋಧ ಕಡಿಮೆಯಾದ ಕಡೆ ವಿದ್ಯುತ್ತು ನುಗ್ಗುತ್ತದೆ. ಗರ್ಭದಲ್ಲಿ ರಕ್ತನಾಳಗಳು ರೂಪುಗೊಳ್ಳುವಾಗ ಎಲ್ಲೋ ಲೆಕ್ಕ ತಪ್ಪಿ, ನಡುವೆ ಲೋಮನಾಳಗಳೇ ಇಲ್ಲದೆ ಅಪಧಮನಿಯು ಅಭಿಧಮನಿಗೆ ನೇರವಾಗಿ ಕೂಡಿಕೊಂಡರೆ ಮೈಯೊಳಗೂ ಅದೇ ಆಗುತ್ತದೆ. ಅಪಧಮನಿಯ ಒತ್ತಡ ಅಭಿಧಮನಿಗೆ ನುಗ್ಗಿ ಅದನ್ನು ಹಿಗ್ಗಿಸುತ್ತದೆ. ಸುತ್ತಲಿನ ರಕ್ತವೂ ಅತ್ತಲೇ ಸೆಳೆಯಲ್ಪಡುತ್ತದೆ. ಇದು ವೇಗದ ಹರಿವಿನ ಗೋಜಲು. ಅಪಧಮನಿಗಳ ಸಂಬಂಧವಿಲ್ಲದೆ ಅಭಿಧಮನಿಗಳಷ್ಟೇ ವಿಕಾರವಾಗಿ ಹಿಗ್ಗಿ, ರಕ್ತ ಕೆರೆಯ ನೀರಿನಂತೆ ನಿಧಾನವಾಗಿ ಸುಳಿಯುವ ಇನ್ನೊಂದು ಬಗೆಯೂ ಉಂಟು. ಅದು ನಿಧಾನ ಹರಿವಿನ ಗೋಜಲು.

ಹಿಂದಿನ ಪುಸ್ತಕಗಳಲ್ಲಿ ಇವೆಲ್ಲವನ್ನೂ 'ಹೀಮ್ಯಾಂಜಿಯೋಮ' ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. 1982ರಲ್ಲಿ ಅಮೆರಿಕದ ಬಾಸ್ಟನ್ನಿನ ಮುಲಿಕೆನ್ ಮತ್ತು ಗ್ಲೊವಾಕಿ ಎಂಬಿಬ್ಬರು ಇವನ್ನು ಎರಡು ಗುಂಪಾಗಿ ಬೇರ್ಪಡಿಸಿದರು. ಕೂಸು ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ವರ್ಷ ಭರದಿಂದ ಬೆಳೆದು, ಆಮೇಲೆ ತಾನಾಗಿಯೇ ಕುಗ್ಗುತ್ತಾ ಹೋಗುವ ಗಂಟು ಒಂದು ಗುಂಪು. ಹುಟ್ಟಿನಿಂದಲೇ ಇದ್ದು, ಮಗುವಿನ ಜೊತೆಗೆ ಬೆಳೆದು, ಎಂದೂ ತಾನಾಗಿ ಕುಗ್ಗದ ವಿಕಾರ ಇನ್ನೊಂದು. ದವಡೆಯೊಳಗಿನ ಗೋಜಲುಗಳು ಬಹುತೇಕ ಈ ಎರಡನೆಯ ಗುಂಪಿನವು. ಒಂದನ್ನು ಕಾದು ನೋಡಬಹುದು, ಇನ್ನೊಂದನ್ನು ಕಾದರೂ ಹೋಗದು. ಹೆಸರಿನ ವ್ಯತ್ಯಾಸದಿಂದ ಚಿಕಿತ್ಸೆಯೇ ಬದಲಾಗುತ್ತದೆ.

ದವಡೆಯ ಗೋಜಲುಗಳು ಹೆಚ್ಚಾಗಿ ಪತ್ತೆಯಾಗುವುದು 10ರಿಂದ 20 ವರ್ಷದೊಳಗಿನವರಲ್ಲಿ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಹೆಚ್ಚು, ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಒಂದು ಹಲ್ಲಿನ ಬುಡದಿಂದ ಮತ್ತೆ ಮತ್ತೆ ರಕ್ತ ಒಸರುವುದು, ವಯಸ್ಸಿಗೆ ಮುಂಚೆಯೇ ಒಂದೆರಡು ಹಲ್ಲು ಅಲುಗಾಡುವುದು, ಮುಖದ ಒಂದು ಪಕ್ಕ ಮೆಲ್ಲಗೆ ಊದುವುದು, ದವಡೆಯ ಮೇಲೆ ಬೆರಳಿಟ್ಟರೆ ನಾಡಿಯಂತೆ ಮಿಡಿಯುವುದು ಇದರ ಲಕ್ಷಣಗಳು. ಕೆಲವರಲ್ಲಿ ಹಲ್ಲನ್ನು ಒತ್ತಿದರೆ ಕೆಳಗಿಳಿದು, ಬಿಟ್ಟೊಡನೆ ಸ್ಪ್ರಿಂಗಿನ ಹಾಗೆ ಮೇಲೇಳುವುದೂ ಉಂಟು. ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಇದನ್ನು ನಿಮ್ಮ ಹಲ್ಲಿನ ಮೇಲಾಗಲಿ ತಮ್ಮ ತಂಗಿಯರ ಹಲ್ಲಿನ ಮೇಲಾಗಲಿ ಪ್ರಯೋಗಿಸಬೇಡಿ. ಅದು ದಂತವೈದ್ಯರ ಕೆಲಸ. ಕೆಲವರಿಗಂತೂ ಯಾವ ಲಕ್ಷಣವೂ ಇರುವುದಿಲ್ಲ. ಆಗ ಚಿತ್ರವೊಂದೇ ಆಧಾರ.

ನೆರಳಿನ ಚಿತ್ರ

ಜರ್ಮನಿಯ ವುರ್ಜ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡದ್ದು 1895ರ ನವೆಂಬರ್ 8ರಂದು. ಸುದ್ದಿ ಹಬ್ಬಿದ ಕೆಲವೇ ದಿನಗಳಲ್ಲಿ, 1896ರ ಜನವರಿಯಲ್ಲಿ, ಅದೇ ದೇಶದ ದಂತವೈದ್ಯ ಒಟ್ಟೊ ವಾಲ್ಕಾಫ್ ತಮ್ಮದೇ ಹಲ್ಲುಗಳ ಚಿತ್ರ ತೆಗೆದರು. ಅದಕ್ಕಾಗಿ ಅವರು 25 ನಿಮಿಷ ಅಲುಗಾಡದೆ ಕೂರಬೇಕಾಯಿತು. ಇಂದು ಕಣ್ಣು ಮಿಟುಕಿಸುವಷ್ಟರಲ್ಲಿ ಆ ಕೆಲಸ ಮುಗಿಯುತ್ತದೆ. ಯಂತ್ರವು ತಲೆಯ ಸುತ್ತ ಅರ್ಧ ಸುತ್ತು ತಿರುಗಿ ಎರಡೂ ದವಡೆಗಳನ್ನು ಒಂದೇ ಉದ್ದನೆಯ ಪಟ್ಟಿಯಲ್ಲಿ ತೋರಿಸುವ ಚಿತ್ರವೂ ಈಗ ಸಾಮಾನ್ಯ. ಪಟ್ಟಣದ ದಂತ ಚಿಕಿತ್ಸಾಲಯಗಳಲ್ಲಿ ಅದನ್ನು 'ಓ.ಪಿ.ಜಿ.' ಎನ್ನುತ್ತಾರೆ.

ಕ್ಷ-ಕಿರಣ ಚಿತ್ರ ಎಂದರೆ ನೆರಳು. ಭಾರವಾದ ಪರಮಾಣುಗಳು ಕಿರಣವನ್ನು ಹೆಚ್ಚು ತಡೆಯುತ್ತವೆ. ಮೂಳೆ ಹಲ್ಲುಗಳಲ್ಲಿರುವ ಕ್ಯಾಲ್ಸಿಯಂನ ಪರಮಾಣು ಸಂಖ್ಯೆ 20. ಮಾಂಸದಲ್ಲೂ ರಕ್ತದಲ್ಲೂ ಇರುವುದು ಹೆಚ್ಚಾಗಿ ಹೈಡ್ರೋಜನ್, ಕಾರ್ಬನ್, ನೈಟ್ರೋಜನ್, ಆಕ್ಸಿಜನ್. ಇವುಗಳ ಸಂಖ್ಯೆ 1, 6, 7, 8. ಹಾಗಾಗಿ ಮೂಳೆ ಬೆಳ್ಳಗೆ ಕಾಣುತ್ತದೆ, ಉಳಿದದ್ದೆಲ್ಲ ಕಪ್ಪಾಗಿ ಒಂದೇ ತೆರನಾಗಿ ಕಾಣುತ್ತದೆ. ಗೋಜಲು ಇರುವ ಕಡೆ ಮೂಳೆ ಸವೆದಿರುವುದರಿಂದ ಅಲ್ಲಿ ಸೋಪಿನ ನೊರೆಯಂತೆಯೋ ಜೇನುಗೂಡಿನಂತೆಯೋ ಕಪ್ಪು ಕುಳಿಗಳು ಮೂಡುತ್ತವೆ. ಕೆಳದವಡೆಯೊಳಗೆ ಹಲ್ಲುಗಳಿಗೆ ರಕ್ತ ಒಯ್ಯುವ ನಾಳ ಮತ್ತು ನರ ಹಾದುಹೋಗುವ ಸಪೂರ ಸುರಂಗವೊಂದಿದೆ. ಅದು ಅಗಲವಾಗಿ ಅಂಕುಡೊಂಕಾಗಿದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ನಿಧಾನ ಹರಿವಿನ ಗೋಜಲು ಕೆನ್ನೆಗೂ ಹರಡಿದ್ದರೆ, ನಿಂತ ರಕ್ತ ಹೆಪ್ಪುಗಟ್ಟಿ ಸುಣ್ಣದಂತಾದ ಪುಟ್ಟ ದುಂಡು ಕಲ್ಲುಗಳು ಕಾಣಿಸುತ್ತವೆ. ಈರುಳ್ಳಿಯನ್ನು ಅಡ್ಡ ಕೊಯ್ದಂತೆ ಅವುಗಳಲ್ಲಿ ಉಂಗುರಗಳಿರುತ್ತವೆ.

ಆದರೆ ನೊರೆಯಂಥ ಕಪ್ಪು ಕುಳಿಗಳನ್ನು ದವಡೆಯ ಬೇರೆ ಗಡ್ಡೆಗಳೂ ತೋರಿಸುತ್ತವೆ. ಅಮೆಲೊಬ್ಲಾಸ್ಟೋಮ ಎಂಬ ಗಡ್ಡೆ, ನೀರುಗುಳ್ಳೆಯಂಥ ಚೀಲಗಳು, ಇನ್ನೂ ಕೆಲವು ಇದೇ ವೇಷ ಹಾಕುತ್ತವೆ. ಬೇರೆ ಯಾವ ಗಡ್ಡೆಯಾದರೂ ಒಂದು ತುಣುಕನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ವಾಡಿಕೆ. ಇಲ್ಲಿ ಹಾಗೆ ಕತ್ತರಿಸುವುದೇ ಅಪಾಯ. ಅದಕ್ಕೇ ಇಂಥ ಚಿತ್ರ ಕಂಡಾಗ ಎಚ್ಚರದ ವೈದ್ಯರು ಚಾಕು ಹಿಡಿಯುವ ಮೊದಲು ಸಣ್ಣ ಸೂಜಿಯಿಂದ ಒಳಗಿರುವುದನ್ನು ಎಳೆದು ನೋಡುತ್ತಾರೆ. ಕೆಂಪು ರಕ್ತ ತಾನಾಗಿಯೇ ಸಿರಿಂಜಿಗೆ ನುಗ್ಗಿತೆಂದರೆ ಅಲ್ಲಿಗೇ ಕೈ ಬಿಡುತ್ತಾರೆ.

ಕ್ಷ-ಕಿರಣದ ಚಿತ್ರ 'ಇಲ್ಲಿ ಮೂಳೆ ಸವೆದಿದೆ' ಎಂದು ಹೇಳಿತು. ಅಲ್ಲಿ ಏನು ಹರಿಯುತ್ತಿದೆ, ಎಷ್ಟು ವೇಗವಾಗಿ ಹರಿಯುತ್ತಿದೆ ಎಂಬುದನ್ನು ಹೇಳಲಿಲ್ಲ. ನೆರಳಿಗೆ ಅದು ಸಾಧ್ಯವೂ ಇಲ್ಲ. ಈಚೆಗೆ ದಂತ ಚಿಕಿತ್ಸಾಲಯಗಳಿಗೆ ಬಂದಿರುವ ಶಂಕುಕಿರಣದ ಸಿ.ಟಿ. ಯಂತ್ರ ಮೂಳೆಯನ್ನು ಮೂರೂ ಆಯಾಮಗಳಲ್ಲಿ ಸೊಗಸಾಗಿ ತೋರಿಸುತ್ತದೆ, ನಿಜ. ಆದರೆ ಮಾಂಸ ರಕ್ತಗಳ ವ್ಯತ್ಯಾಸದ ವಿಷಯದಲ್ಲಿ ಅದೂ ಹೆಚ್ಚು ಕಡಿಮೆ ಮೌನಿಯೇ.

ಕಿವಿಗೆ ಕೇಳುವ ಹರಿವು

ಹರಿವನ್ನು ಅಳೆಯುವ ಅತಿ ಸುಲಭದ ಉಪಾಯ ಶಬ್ದದಲ್ಲಿದೆ. ಹಾರನ್ ಹಾಕುತ್ತಾ ಬರುವ ಬಸ್ಸು ನಮ್ಮನ್ನು ದಾಟಿದೊಡನೆ ಅದರ ದನಿ ಇಳಿಯುವುದನ್ನು ಎಲ್ಲರೂ ಕೇಳಿದ್ದೇವೆ. ಈ ತತ್ತ್ವವನ್ನು 1842ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಮಂಡಿಸಿದಾಗ ಅವರ ಕಣ್ಣಿದ್ದದ್ದು ನಕ್ಷತ್ರಗಳ ಬೆಳಕಿನ ಮೇಲೆ. 1845ರಲ್ಲಿ ಹಾಲೆಂಡಿನ ಬಾಯ್ಸ್ ಬಾಲೋ ಎಂಬ ವಿಜ್ಞಾನಿ ತುತ್ತೂರಿ ಊದುವವರನ್ನು ರೈಲಿನ ಮೇಲೆ ಕೂರಿಸಿ, ಹಳಿಯ ಪಕ್ಕದಲ್ಲಿ ಸಂಗೀತ ಬಲ್ಲವರನ್ನು ನಿಲ್ಲಿಸಿ, ಶಬ್ದಕ್ಕೂ ಇದು ಅನ್ವಯಿಸುತ್ತದೆಂದು ತೋರಿಸಿದರು.

ಆಸ್ಪತ್ರೆಯಲ್ಲಿ ಬಸ್ಸಿನ ಬದಲು ಕೆಂಪು ರಕ್ತಕಣಗಳಿವೆ. ನಮ್ಮ ಕಿವಿಗೆ ಕೇಳದಷ್ಟು ಹೆಚ್ಚು ಆವೃತ್ತಿಯ ಶಬ್ದವನ್ನು ಮೈಯೊಳಗೆ ಕಳಿಸಿ, ರಕ್ತಕಣಗಳಿಂದ ಹಿಂದಿರುಗಿದ ಶಬ್ದದ ಆವೃತ್ತಿ ಎಷ್ಟು ಬದಲಾಗಿದೆ ಎಂದು ನೋಡುತ್ತಾರೆ. ಕಣ ನಮ್ಮತ್ತ ನೇರವಾಗಿ ಬರುತ್ತಿದ್ದರೆ ಲೆಕ್ಕ ಸರಳ: ಆವೃತ್ತಿಯ ವ್ಯತ್ಯಾಸವು ರಕ್ತದ ವೇಗದ ಎರಡರಷ್ಟನ್ನು ಕಳಿಸಿದ ಆವೃತ್ತಿಯಿಂದ ಗುಣಿಸಿ, ಶಬ್ದದ ವೇಗದಿಂದ ಭಾಗಿಸಿದಷ್ಟು. ಶಬ್ದ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬದಲಾಗುವುದರಿಂದ ಈ 'ಎರಡರಷ್ಟು'. ಕಳಿಸಿದ ಆವೃತ್ತಿ 50 ಲಕ್ಷ ಹರ್ಟ್ಸ್, ರಕ್ತದ ವೇಗ ಸೆಕೆಂಡಿಗೆ ಅರ್ಧ ಮೀಟರ್, ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದಿಟ್ಟುಕೊಳ್ಳಿ. ವ್ಯತ್ಯಾಸ ಸುಮಾರು 3250 ಹರ್ಟ್ಸ್ ಬರುತ್ತದೆ. ನಮ್ಮ ಕಿವಿ 20ರಿಂದ 20,000 ಹರ್ಟ್ಸ್ ವರೆಗೆ ಕೇಳಬಲ್ಲುದಷ್ಟೆ? ಹಾಗಾಗಿ ಈ ವ್ಯತ್ಯಾಸವನ್ನೇ ಧ್ವನಿವರ್ಧಕಕ್ಕೆ ಕೊಟ್ಟರೆ ರಕ್ತ ಹರಿಯುವುದು ಕೇಳಿಸುತ್ತದೆ! ಹೃದಯದ ಪ್ರತಿ ಬಡಿತಕ್ಕೂ ಏರಿ, ನಡುವೆ ತಗ್ಗುವುದು ಆರೋಗ್ಯವಂತ ಅಪಧಮನಿಯ ದನಿ. ವೇಗದ ಗೋಜಲಿನಲ್ಲಿ ತಡೆಯೇ ಇಲ್ಲವಾದ್ದರಿಂದ ಬಡಿತಗಳ ನಡುವೆಯೂ ಬಿಡುವಿಲ್ಲದೆ ಮೊರೆತ ಕೇಳುತ್ತದೆ. ನಿಧಾನದ ಗೋಜಲಿನಲ್ಲಿ ಸದ್ದು ಕ್ಷೀಣ, ಕೆಲವೊಮ್ಮೆ ಇಲ್ಲವೇ ಇಲ್ಲ.

ಪರದೆಯ ಮೇಲೆ ಕಾಣುವ ಕೆಂಪು ನೀಲಿ ಬಣ್ಣಗಳನ್ನು ನೋಡಿ ಕೆಂಪೆಂದರೆ ಶುದ್ಧ ರಕ್ತ, ನೀಲಿಯೆಂದರೆ ಮಲಿನ ರಕ್ತ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಒಂದು ಬಣ್ಣ ನಮ್ಮತ್ತ ಬರುವ ರಕ್ತಕ್ಕೆ, ಇನ್ನೊಂದು ದೂರ ಸರಿಯುವ ರಕ್ತಕ್ಕೆ.

ಈ ಪರೀಕ್ಷೆಗೆ ನೋವಿಲ್ಲ, ವಿಕಿರಣವಿಲ್ಲ, ಖರ್ಚೂ ಕಡಿಮೆ. ಒಂದೇ ಕೊರತೆಯೆಂದರೆ ಗಟ್ಟಿ ಮೂಳೆಯನ್ನು ಈ ಶಬ್ದ ಚೆನ್ನಾಗಿ ದಾಟಲಾರದು. ಕೆನ್ನೆ, ತುಟಿ, ನಾಲಗೆಯ ಗೋಜಲುಗಳಿಗೆ ಇದು ಬಹಳ ಉಪಯುಕ್ತ. ಮೂಳೆಯ ಗೋಡೆ ಸವೆದು ತೆಳುವಾಗಿದ್ದರೆ ಒಳಗಿನದೂ ಒಂದಿಷ್ಟು ತಿಳಿಯುತ್ತದೆ. ಗೋಡೆ ಗಟ್ಟಿಯಾಗಿದ್ದರೆ ಬೇರೆ ದಾರಿ ಹಿಡಿಯಬೇಕು.

ಹೋಳು ಹೋಳಾಗಿ ನೋಡುವುದು

ನಾಯಿಯ ಚಿತ್ರವಿದ್ದ ಎಚ್.ಎಂ.ವಿ. ಗ್ರಾಮಫೋನ್ ತಟ್ಟೆಗಳು ಹಿರಿಯರಿಗೆ ನೆನಪಿರಬಹುದು. ಅದರ ಒಡೆತನ ಹೊಂದಿದ್ದ ಬ್ರಿಟನ್ನಿನ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಸಿ.ಟಿ. ಯಂತ್ರವನ್ನು ಕಟ್ಟಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಅದರಲ್ಲಿ ರೋಗಿಯೊಬ್ಬರ ಮಿದುಳನ್ನು ನೋಡಲಾಯಿತು. ಇದರ ಗಣಿತವನ್ನು ಮೊದಲೇ ಬೇರೆಯಾಗಿ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ಅವರೊಂದಿಗೆ 1979ರ ನೊಬೆಲ್ ಪ್ರಶಸ್ತಿಯನ್ನು ಅವರು ಹಂಚಿಕೊಂಡರು.

ಒಂದೇ ಕಡೆಯಿಂದ ನೆರಳು ಹಿಡಿಯುವ ಬದಲು ನೂರಾರು ಕೋನಗಳಿಂದ ಹಿಡಿದು, ಒಳಗಿನ ಪ್ರತಿ ಚುಕ್ಕಿಯೂ ಕಿರಣವನ್ನು ಎಷ್ಟು ತಡೆದಿದೆ ಎಂದು ಗಣಕ ಲೆಕ್ಕ ಹಾಕುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಋಣ 1000, ಗಟ್ಟಿ ಮೂಳೆಗೆ 1000 ಮತ್ತು ಅದರ ಆಚೆ ಎಂಬುದು ಹೌನ್ಸ್‌ಫೀಲ್ಡ್ ಅಳತೆಗೋಲು. ರಕ್ತ ಮತ್ತು ಸ್ನಾಯು ಎರಡೂ ಇದರಲ್ಲಿ 40-50ರ ಆಸುಪಾಸು, ಬೇರ್ಪಡಿಸುವುದು ಕಷ್ಟ. ಅದಕ್ಕೇ ಕೈಯ ಅಭಿಧಮನಿಗೆ ಅಯೋಡಿನ್ ಇರುವ ದ್ರವವನ್ನು ಚುಚ್ಚುತ್ತಾರೆ. ಅಯೋಡಿನ್ನಿನ ಪರಮಾಣು ಸಂಖ್ಯೆ 53. ಅದು ಬೆರೆತ ರಕ್ತವು ಕಿರಣವನ್ನು ಚೆನ್ನಾಗಿ ತಡೆದು, ರಕ್ತನಾಳಗಳು ಬೆಳ್ಳಗೆ ಎದ್ದು ಕಾಣುತ್ತವೆ. ಯಾವ ನಾಳದಿಂದ ಗೋಜಲಿಗೆ ರಕ್ತ ಬರುತ್ತಿದೆ, ಮೂಳೆಯ ಗೋಡೆ ಎಲ್ಲಿ ಒಡೆದಿದೆ ಎಂಬುದು ಒಂದೇ ಬಾರಿಗೆ ತಿಳಿಯುತ್ತದೆ. ಹಲ್ಲಿಗೆ ಲೋಹ ತುಂಬಿಸಿಕೊಂಡವರಲ್ಲಿ ಮಾತ್ರ ಚಿತ್ರದ ಮೇಲೆ ಬರೆ ಎಳೆದಂತೆ ಗೆರೆಗಳು ಮೂಡಿ ತೊಂದರೆ ಕೊಡುತ್ತವೆ.

ಹಾಜರಿ ಕೂಗುವ ಯಂತ್ರ

ಎಂ.ಆರ್.ಐ. ಯಂತ್ರದಲ್ಲಿ ಕ್ಷ-ಕಿರಣವೇ ಇಲ್ಲ. ಬಲವಾದ ಕಾಂತಕ್ಷೇತ್ರದಲ್ಲಿ ನಮ್ಮ ಮೈಯ ನೀರು ಕೊಬ್ಬುಗಳಲ್ಲಿರುವ ಹೈಡ್ರೋಜನ್ ಪರಮಾಣುಗಳ ಬೀಜಗಳು ರೇಡಿಯೋ ಅಲೆಗಳಿಗೆ ಓಗೊಡುತ್ತವೆ. 1.5 ಟೆಸ್ಲಾ ಯಂತ್ರದಲ್ಲಿ ಈ ಅಲೆಗಳ ಆವೃತ್ತಿ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದಲ್ಲಿ ಸುಮಾರು 128. ನಾವು ಹಾಡು ಕೇಳುವ ಎಫ್.ಎಂ. ಬಾನುಲಿಯ 88-108 ಮೆಗಾಹರ್ಟ್ಸ್ ಇವೆರಡರ ನಡುವೆ ಬರುತ್ತದೆ! ಈ ವಿದ್ಯೆಯನ್ನು ಚಿತ್ರವಾಗಿಸಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ಬಂತು.

ಹರಿಯುವ ರಕ್ತ ಇದರಲ್ಲಿ ಹೇಗೆ ಕಾಣುತ್ತದೆ? ತರಗತಿಯ ಹಾಜರಿಯನ್ನು ನೆನೆಯಿರಿ. ಮೇಷ್ಟ್ರು ಹೆಸರು ಕೂಗುತ್ತಾರೆ, ಮಗು 'ಬಂದಿದ್ದೇನೆ ಸಾರ್' ಎನ್ನುತ್ತದೆ. ಹೆಸರು ಕೂಗಿದ ಮೇಲೆ, ಉತ್ತರ ಕೊಡುವಷ್ಟರಲ್ಲಿ ಹುಡುಗ ಓಡಿಹೋಗಿದ್ದರೆ? ಅವನ ಜಾಗ ಖಾಲಿ. ಸಾಮಾನ್ಯ ಬಗೆಯ ಎಂ.ಆರ್.ಐ. ಚಿತ್ರದಲ್ಲೂ ಎರಡು ರೇಡಿಯೋ ತುಡಿತಗಳ ನಡುವಿನ ಅವಧಿಯಲ್ಲಿ ವೇಗದ ರಕ್ತ ಆ ಹೋಳಿನಿಂದ ಆಚೆ ಹೋಗಿರುತ್ತದೆ, ಉತ್ತರ ಬರುವುದಿಲ್ಲ. ಆದ್ದರಿಂದ ವೇಗದ ಗೋಜಲು ಹುಳುಗಳು ಹರಿದಾಡಿದಂತೆ ಕಪ್ಪು ಕಪ್ಪಾಗಿ ಕಾಣುತ್ತದೆ. ನಿಧಾನದ ರಕ್ತ ಮಾತ್ರ ಕುಳಿತಲ್ಲೇ ಕುಳಿತು ಉತ್ತರ ಕೊಡುತ್ತದೆ. ನೀರಿನ ಅಂಶವನ್ನು ಎತ್ತಿ ತೋರಿಸುವ ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಒಂದೇ ನೋಟಕ್ಕೆ ಎರಡು ಬಗೆಗಳು ಬೇರೆಯಾದವು. ಗೋಜಲು ಮಾಂಸದೊಳಗೆ ಎಷ್ಟು ದೂರ ಹರಡಿದೆ ಎಂಬುದನ್ನು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳದು. ಹಲ್ಲು ಸಾಲಾಗಿಸಲು ತಂತಿ ಹಾಕಿಸಿಕೊಂಡ ಮಕ್ಕಳು ಅದನ್ನು ಮೊದಲೇ ತಿಳಿಸಬೇಕು. ಲೋಹ ಹತ್ತಿರವಿದ್ದರೆ ದವಡೆಯ ಚಿತ್ರ ಸೊಟ್ಟಗಾಗುತ್ತದೆ.

ಕಳೆಯುವ ಲೆಕ್ಕ

ಕೊನೆಯದು ಆಂಜಿಯೋಗ್ರಫಿ. ಇದರ ಮೂಲ ಬಹಳ ಹಳೆಯದು. 1896ರ ಜನವರಿಯಲ್ಲೇ ವಿಯೆನ್ನಾದ ಹಾಷೆಕ್ ಮತ್ತು ಲಿಂಡೆನ್‌ಥಾಲ್ ಎಂಬಿಬ್ಬರು ಶವದ ಕೈಯೊಂದರ ರಕ್ತನಾಳಗಳಿಗೆ ಕ್ಷ-ಕಿರಣವನ್ನು ತಡೆಯುವ ಲೋಹಾಂಶದ ಮಿಶ್ರಣ ತುಂಬಿ, ಸುಮಾರು ಒಂದು ಗಂಟೆ ಕಿರಣ ಹಾಯಿಸಿ ಚಿತ್ರ ತೆಗೆದಿದ್ದರು. ಬದುಕಿರುವವರ ಮಿದುಳಿನ ರಕ್ತನಾಳಗಳನ್ನು ಮೊದಲು ತೋರಿಸಿದವರು ಪೋರ್ಚುಗಲ್ಲಿನ ಎಗಸ್ ಮೊನಿಜ್, 1927ರಲ್ಲಿ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಒಂದು ಸರಳ ಉಪಾಯ ಪ್ರಕಟಿಸಿದರು: ಮೊದಲು ಸೂಜಿ ಚುಚ್ಚು, ಸೂಜಿಯೊಳಗಿಂದ ತಂತಿ ತೂರಿಸು, ಸೂಜಿ ತೆಗೆದು ತಂತಿಯ ಮೇಲೆ ನಳಿಕೆ ಜಾರಿಸು. ಇಂದಿಗೂ ಅದೇ ಕ್ರಮ. ತೊಡೆಯ ಸಂದಿನಲ್ಲೋ ಮಣಿಕಟ್ಟಿನಲ್ಲೋ ಹೊಕ್ಕ ಸಪೂರ ನಳಿಕೆ ಮಹಾಪಧಮನಿಯ ಮೂಲಕ ಕತ್ತಿಗೆ ಏರಿ, ಮುಖಕ್ಕೆ ರಕ್ತ ಕೊಡುವ ಕವಲನ್ನು ಹಿಡಿದು, ದವಡೆಯ ನಾಳದ ಬಾಗಿಲಿಗೇ ತಲುಪುತ್ತದೆ. ಅಲ್ಲಿ ಅಯೋಡಿನ್ ದ್ರವವನ್ನು ಬಿಡುತ್ತಾರೆ.

ಆದರೆ ಮೂಳೆ, ಹಲ್ಲು, ಹಲ್ಲಿಗೆ ತುಂಬಿದ ಲೋಹ ಎಲ್ಲವೂ ಅಡ್ಡ ಬಂದು ನಾಳಗಳನ್ನು ಮರೆಮಾಡುತ್ತವಲ್ಲ? ಇಲ್ಲಿ ಬರುತ್ತದೆ ಒಂದನೆಯ ತರಗತಿಯ ಗಣಿತ. ದ್ರವ ಬಿಡುವ ಮೊದಲು ಒಂದು ಚಿತ್ರ, ಬಿಟ್ಟ ಮೇಲೆ ಇನ್ನೊಂದು. ಮೊದಲ ಚಿತ್ರದ ಒಂದು ಸಾಲಿನ ಚುಕ್ಕಿಗಳು 7, 3, 9, 2 ಎಂದಿರಲಿ. ಎರಡನೆಯದರಲ್ಲಿ ಅವೇ ಚುಕ್ಕಿಗಳು 7, 8, 9, 2. ಕಳೆದರೆ 0, 5, 0, 0. ಮೂಳೆ ಮಾಯವಾಯಿತು, ಹಲ್ಲು ಮಾಯವಾಯಿತು, ರಕ್ತನಾಳವೊಂದೇ ಉಳಿಯಿತು! ಫಿಲಂಗಳ ಕಾಲದಲ್ಲಿ ಹಾಲೆಂಡಿನ ಜೀಡ್ಸೆಸ್ ಡಿ ಪ್ಲಾಂಟೆಸ್ ಇದನ್ನು 1930ರ ದಶಕದಲ್ಲೇ ಛಾಯಾಚಿತ್ರದ ಉಪಾಯದಿಂದ ಮಾಡಿದ್ದರು. 1970ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ಟ್ರೆಟಾ ಅವರ ತಂಡ ಗಣಕದಿಂದ ಕ್ಷಣಾರ್ಧದಲ್ಲಿ ಕಳೆಯುವುದನ್ನು ಸಾಧಿಸಿತು. ರೋಗಿ ಎಂಜಲು ನುಂಗಿದರೂ ಎರಡು ಚಿತ್ರಗಳು ಹೊಂದುವುದಿಲ್ಲ, ಕಳೆದದ್ದು ತಪ್ಪಾಗುತ್ತದೆ. ಅದಕ್ಕೇ ಅಲುಗಾಡಬೇಡಿ ಎಂದು ಅಷ್ಟು ಒತ್ತಿ ಹೇಳುತ್ತಾರೆ.

ಸೆಕೆಂಡಿಗೆ ಹಲವಾರು ಚಿತ್ರ ತೆಗೆಯುವುದರಿಂದ ಇದರಲ್ಲಿ ಹರಿವಿನ ಕಾಲವೂ ಕಾಣುತ್ತದೆ. ಸಾಮಾನ್ಯವಾಗಿ ಮೊದಲು ಅಪಧಮನಿ, ಆಮೇಲೆ ಲೋಮನಾಳಗಳ ಮಸುಕು, ಕೆಲವು ಸೆಕೆಂಡುಗಳ ನಂತರ ಅಭಿಧಮನಿ. ವೇಗದ ಗೋಜಲಿನಲ್ಲಿ ಅಪಧಮನಿಯ ಬೆನ್ನಿಗೇ ಅಭಿಧಮನಿ ತುಂಬುತ್ತದೆ. ಷಾರ್ಟ್ ಸರ್ಕ್ಯೂಟಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟೇ ಅಲ್ಲ, ಅದೇ ನಳಿಕೆಯಿಂದ ಚಿಕಿತ್ಸೆಯನ್ನೂ ಕೊಡಬಹುದು. ದಿಢೀರ್ ಅಂಟಿನ ಕುಲಕ್ಕೇ ಸೇರಿದ ವೈದ್ಯಕೀಯ ಅಂಟು, ಸೂಕ್ಷ್ಮ ಕಣಗಳು, ಲೋಹದ ಸುರುಳಿಗಳು, ಇವುಗಳಲ್ಲಿ ತಕ್ಕದ್ದನ್ನು ಆರಿಸಿ ಗೋಜಲನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಹಲ್ಲು ತೆಗೆಯಬೇಕಾದರೆ, ಶಸ್ತ್ರಕ್ರಿಯೆ ಬೇಕಾದರೆ ಆಮೇಲೆ ಕೆಲವೇ ದಿನಗಳೊಳಗೆ ಮಾಡುತ್ತಾರೆ. ತಡವಾದರೆ ಪಕ್ಕದ ನಾಳಗಳು ಹೊಸ ದಾರಿ ತೆರೆದುಬಿಡುತ್ತವೆ. ಮುಖದ ನಾಳಗಳಿಗೂ ಕಣ್ಣು ಮಿದುಳಿನ ನಾಳಗಳಿಗೂ ಅಲ್ಲಲ್ಲಿ ಒಳದಾರಿಗಳಿರುವುದರಿಂದ ಅಂಟು ದಾರಿ ತಪ್ಪದಂತೆ ನೋಡಿಕೊಳ್ಳಬೇಕು. ಚಿತ್ರವೇ ಇಲ್ಲಿ ನಕ್ಷೆ. ಹಿಂದೆ ಕತ್ತಿನಲ್ಲಿ ದೊಡ್ಡ ಅಪಧಮನಿಯನ್ನೇ ದಾರದಿಂದ ಕಟ್ಟಿಬಿಡುತ್ತಿದ್ದುದುಂಟು. ಗೋಜಲು ಪಕ್ಕದ ನಾಳಗಳಿಂದ ರಕ್ತ ಸೆಳೆದುಕೊಳ್ಳುತ್ತಿತ್ತು. ಮುಂದೆ ನಳಿಕೆ ತೂರಿಸುವ ಹೆದ್ದಾರಿಯೂ ಮುಚ್ಚಿಹೋಗುತ್ತಿತ್ತು.

ಪೋಷಕರಿಗೆ ಒಂದೆರಡು ಮಾತು

ಮಗನ ವಸಡಿನಲ್ಲಿ ರಕ್ತ ಕಂಡೊಡನೆ ಗಾಬರಿಯಾಗಬೇಡಿ. ವಸಡಿನ ರಕ್ತಕ್ಕೆ ಸಾಮಾನ್ಯ ಕಾರಣ ಸರಿಯಾಗಿ ಹಲ್ಲು ಉಜ್ಜದಿರುವುದು. ಬೀಳುವ ವಯಸ್ಸಿನ ಹಾಲುಹಲ್ಲು ಅಲುಗಾಡುವುದೂ ಸಹಜ. ಆದರೆ ಒಂದೇ ಜಾಗದಿಂದ, ಕಾರಣವಿಲ್ಲದೆ, ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ, ಮುಖ ಒಂದು ಕಡೆ ಊದಿದ್ದರೆ, ವಯಸ್ಸಲ್ಲದ ವಯಸ್ಸಿನಲ್ಲಿ ಹಲ್ಲು ಸಡಿಲವಾಗಿದ್ದರೆ ಅದನ್ನು ದಂತವೈದ್ಯರಿಗೆ ಬಾಯಿಬಿಟ್ಟು ಹೇಳಿ. 'ಅದೇನು ಮಹಾ, ಕಿತ್ತುಬಿಡಿ ಡಾಕ್ಟ್ರೇ' ಎಂದು ಅವಸರಪಡಿಸಬೇಡಿ. ಮೊದಲು ಒಂದು ಚಿತ್ರ ತೆಗೆಯೋಣ ಎಂದು ಅವರು ಹೇಳಿದರೆ ಅದನ್ನು ದುಡ್ಡಿನ ಆಸೆ ಎಂದುಕೊಳ್ಳಬೇಡಿ. ಗೋಜಲಿನ ಸಂಶಯ ಬಂದರೆ ಅವರು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಎಲ್ಲ ಪರೀಕ್ಷೆಗಳೂ ಎಲ್ಲರಿಗೂ ಬೇಡ. ಮೊದಲ ಚಿತ್ರದಿಂದ ಸಂಶಯ, ಡಾಪ್ಲರ್ ಮತ್ತು ಎಂ.ಆರ್.ಐ.ಯಿಂದ ಯಾವ ಬಗೆಯೆಂಬ ನಿರ್ಣಯ, ವೇಗದ ಹರಿವೆಂದು ತಿಳಿದು ಚಿಕಿತ್ಸೆಗೆ ಸಿದ್ಧವಾದಾಗ ಆಂಜಿಯೋಗ್ರಫಿ ಎಂಬುದು ಸ್ಥೂಲವಾದ ಕ್ರಮ.

ವಿಕಿರಣದ ಭಯವೂ ಕೆಲವರಿಗಿದೆ. ಭಯಕ್ಕೆ ಇತಿಹಾಸವಿದೆ. ಅಮೆರಿಕದಲ್ಲಿ ಹಲ್ಲಿನ ಕ್ಷ-ಕಿರಣ ಚಿತ್ರಗಳನ್ನು ಮೊದಲಿಗೆ ತೆಗೆದವರಲ್ಲಿ ಒಬ್ಬರಾದ ಎಡ್ಮಂಡ್ ಕೆಲ್ಸ್ ಕೈಯನ್ನು ಪದೇ ಪದೇ ಕಿರಣಕ್ಕೆ ಒಡ್ಡಿ, ಬೆರಳುಗಳನ್ನೂ ಕೊನೆಗೆ ಕೈಯನ್ನೂ ಕಳೆದುಕೊಂಡರು. ಆದರೆ ಇಂದಿನ ಲೆಕ್ಕ ಬೇರೆ. ನೆಲ, ಗಾಳಿ, ಆಕಾಶಗಳಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಸುಮ್ಮನೆ ಬರುತ್ತದೆ. ಎರಡೂ ದವಡೆಗಳ ಓ.ಪಿ.ಜಿ. ಚಿತ್ರದಿಂದ ಬರುವುದು ಸುಮಾರು 0.02, ಅಂದರೆ ಮೂರು ದಿನಗಳ ನೈಸರ್ಗಿಕ ಪಾಲು. ತಲೆಯ ಸಿ.ಟಿ.ಗೆ ಸುಮಾರು 2, ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ಪಾಲು. ಆದ್ದರಿಂದ ಸಿ.ಟಿ.ಯನ್ನು ಅಗತ್ಯವಿದ್ದಾಗ ಮಾತ್ರ ಮಾಡಿಸಬೇಕು, ಅಗತ್ಯವಿದ್ದಾಗ ಬೇಡವೆನ್ನಬಾರದು.

ಒಂದು ವೇಳೆ ಹಲ್ಲು ಕಿತ್ತ ಮೇಲೆ ರಕ್ತ ನಿಲ್ಲದಿದ್ದರೆ? ಬಾಯಿ ಮುಕ್ಕಳಿಸುತ್ತಾ ಕೂರಬಾರದು. ಶುದ್ಧ ಬಟ್ಟೆಯ ಉಂಡೆಯನ್ನು ಕುಳಿಯ ಮೇಲಿಟ್ಟು ಗಟ್ಟಿಯಾಗಿ ಕಚ್ಚಿಸಿ, ಒತ್ತಿ ಹಿಡಿದೇ ಆಸ್ಪತ್ರೆಗೆ ಓಡಬೇಕು. ಕಿತ್ತ ಹಲ್ಲನ್ನೇ ಕುಳಿಗೆ ಮರಳಿ ಇಟ್ಟು ಒತ್ತಿ ಹಿಡಿದು ವೈದ್ಯರು ಜೀವ ಉಳಿಸಿದ್ದೂ ಉಂಟು. ಬಿರಡೆಯ ಬೆಲೆ ಆಗ ಗೊತ್ತಾಗುತ್ತದೆ.

ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ: 40 ಲಕ್ಷ ಹರ್ಟ್ಸ್ ಶಬ್ದ ಕಳಿಸಿದಾಗ ಹಿಂದಿರುಗಿದ ಶಬ್ದದಲ್ಲಿ 2600 ಹರ್ಟ್ಸ್ ವ್ಯತ್ಯಾಸ ಕಂಡಿತು. ರಕ್ತ ನೇರವಾಗಿ ನಮ್ಮತ್ತಲೇ ಬರುತ್ತಿದೆ ಎಂದಿಟ್ಟುಕೊಂಡರೆ ಅದರ ವೇಗವೆಷ್ಟು? ಕಾಗದ ಪೆನ್ಸಿಲ್ ಸಾಕು.